ಎಂಟರ ಮನೆ

ದುರ್ಗಿಗುಡಿಯ ಅಂಗಡಿಯಿಂದ ಬಸ್ ಸ್ಟ್ಯಾಂಡಿಗೆ
ಹಳೇ ಕಂಬಳಿಯಲ್ಲಿ ಸುತ್ತಿ
ಮೊಟ್ಟೆಬುಟ್ಟಿ ಹೊತ್ತವಳ ನಡಿಗೆಯಲ್ಲಿ ತಂದೆ
ನನ್ನ ಆಸಿಲೋಸ್ಕೋಪು.
'ಟಿವಿಯಾ?' ಅಂದ ಕಂಡಕ್ಟರು, ಲಗೇಜು ಟಿಕೇಟು ಹರಿದ.
ಅಲ್ಲಪ್ಪ, ಇದು ಕಥೆ ಹೇಳುವುದಿಲ್ಲ.
ಕೇಳಿದಷ್ಟಕ್ಕೆ ಸಾಕ್ಷಿ ಹೇಳುತ್ತದೆ.

ಆನಂದಪುರದಾಚೆ ಒಂದು ಹಾಲಿನ ಡೇರಿ,
ಅಲ್ಲಿ ಫ್ಯಾಟ್ ನೋಡುವ ಮಿಷನ್ನು.
ಹನ್ನೊಂದು ದಿನದಿಂದ ಬೆಳಗಿನ ಹೊತ್ತು
ಗುತ್ಯಮ್ಮನ ಹಾಲು ಕಂಡರೆ
ಮೂರು ಪಾಯಿಂಟ್ ನಾಲ್ಕು ಅನ್ನುತ್ತದೆ.
ಮೂರೂವರೆ ಮುಟ್ಟಿದರೆ ಹಾಲು,
ಒಂದು ಕೂದಲೆಳೆ ಕೆಳಗಿದ್ದರೆ ನೀರು.
ಸಂಜೆ ಅದೇ ಹಸು, ಅದೇ ಕ್ಯಾನು,
ನಾಲ್ಕು ಪಾಯಿಂಟ್ ಎರಡು.

'ಬೆಳಿಗ್ಗೆ ಕತ್ತಲಲ್ವಾ ರೆಜಿನಾ ಮೇಡಂ,
ನಲ್ಲಿ ಕೈಗೆ ಹತ್ತಿರ,'
ಸೆಕ್ರೆಟರಿ ಹಾಲೇಶಪ್ಪ ನಕ್ಕರು.
ಸಾಲಿನಲ್ಲಿದ್ದ ಕ್ಯಾನುಗಳೂ ನಕ್ಕವು.
ಗುತ್ಯಮ್ಮ ಮಾತ್ರ ಮಿಷನ್ನಿನ ಕಡೆ
ನಾದಿನಿಯ ಕಡೆ ನೋಡುವ ಹಾಗೆ ನೋಡುತ್ತಿದ್ದಳು.

ಮೊದಲು ಮೀಟರು ಇಟ್ಟೆ. ಐದು ವೋಲ್ಟು.
ಮೀಟರಿನ ಸ್ವಭಾವವೇ ಅಷ್ಟು,
ಸರಾಸರಿಯಲ್ಲಿ ಎಲ್ಲವೂ ಸರಿ.

ಆಮೇಲೆ ಮುಚ್ಚಳ ಬಿಚ್ಚಿ
ಬಣ್ಣಬಣ್ಣದ ಕೊಕ್ಕೆ ಸಿಕ್ಕಿಸಿದೆ.
ಡೇಟಾದ ತಂತಿಗೊಂದು, ಕ್ಲಾಕಿನ ತಂತಿಗೊಂದು.
ಇವಕ್ಕೆ ಬರುವುದು ಎರಡೇ ಮಾತು: ಇದೆ, ಇಲ್ಲ.
ಪೋಲೀಸರಿಗೆ ಇಷ್ಟವಾಗುವ ಸಾಕ್ಷಿಗಳು.
ವೋಲ್ಟೇಜಿನ ಮೇಲೆ ಬೇರೆಯೇ ಒಂದು ಪ್ರೋಬು;
ಅದಕ್ಕೆ ಇದೆ ಇಲ್ಲಗಳ ನಡುವಿನ
ಏರು, ಇಳಿತ, ನಡುಕ, ಎಲ್ಲ ಗೊತ್ತು,
ಆದರೆ ತೀರ್ಪು ಕೇಳಿದರೆ ಸುಮ್ಮನಾಗುತ್ತದೆ.
ಈ ಎರಡು ಜಾತಿಯವರನ್ನೂ
ಒಂದೇ ಪರದೆಯಲ್ಲಿ, ಒಂದೇ ಗಳಿಗೆಗೆ ಕಟ್ಟಿ ನಿಲ್ಲಿಸುವುದು—
ಈ ಡಬ್ಬಿಗೆ ಸೆಕೆಂಡ್ ಹ್ಯಾಂಡಿಗೂ ಅಷ್ಟು ಬೆಲೆ ಯಾಕೆ ಅಂದರೆ, ಅದಕ್ಕೆ.

ನಾಲ್ಕೂವರೆಗಿಂತ ಕೆಳಗಿಳಿದರೆ ಹಿಡಿ, ಅಂದೆ.
ಸಿಂಗಲ್ ಒತ್ತಿ ಕೂತೆ.
ಹಳ್ಳಕ್ಕೆ ಕೂಣಿ ಇಟ್ಟವರಿಗೆ ಗೊತ್ತು ಈ ಕೂರುವುದು.
ಚೌಡಮ್ಮ ಸುರಿದಳು, ಏನೂ ಇಲ್ಲ.
ಇಸ್ಮಾಯಿಲ್ ಸುರಿದ, ಏನೂ ಇಲ್ಲ.
ಹಾಲೇಶಪ್ಪ ಆಕಳಿಸಿದರು.
ಮೂರನೆಯವಳು ಗುತ್ಯಮ್ಮ, ಯಾವತ್ತೂ ಮೂರನೆಯವಳು.
ಅಷ್ಟರಲ್ಲಿ ಹಿಂದಿನ ಕೋಣೆಯಲ್ಲಿ ಟಕ್.
ಇಬ್ಬರ ಬೆಚ್ಚನೆಯ ಹಾಲು ಟ್ಯಾಂಕಿಗೆ ಬಿದ್ದು
ತಂಪು ಮಾಡುವ ಕಂಪ್ರೆಸರು ಎಚ್ಚರಾಯಿತು.

ಪರದೆ ನಿಂತಿತು.

ಹಳದಿ ಗೆರೆಯಲ್ಲಿ ಒಂದು ಗುಂಡಿ,
ಗಾಡಿಯ ಗಾಲಿ ಇಳಿಯುವಂಥದು.
ಅದರ ನೇರ ಕೆಳಗೆ
'ಒಂದು' ಅನ್ನಬೇಕಿದ್ದ ತಂತಿ ತುಸು ಬಾಗಿದೆ,
ಕ್ಲಾಕು ಆಗಲೇ ಕೇಳಿದೆ,
ಸೊನ್ನೆ ಅಂತ ಬರೆದುಕೊಂಡಿದೆ.
ಎಂಟರ ಮನೆಯ ಕಾಯಿ ಬಿದ್ದುಹೋಯಿತು.
ನಲವತ್ತೆರಡರಲ್ಲಿ ಎಂಟು ಕಳೆದರೆ ಮೂವತ್ತನಾಲ್ಕು.
ನಡುವೆ ಚುಕ್ಕಿ ಇಟ್ಟರೆ, ನೀರು.

ಹಾಲು ನೀರು ಬೇರೆ ಮಾಡುವ ಹಂಸ ಇದೆಯಂತಲ್ಲ ಪುರಾಣದಲ್ಲಿ,
ನನ್ನದಕ್ಕೆ ಒಳಗೊಂದು ಫ್ಯಾನಿದೆ,
ಬಿಸಿಯಾದರೆ ಗುರ್ರ್ ಅನ್ನುತ್ತದೆ.

ಹತ್ತು ರೂಪಾಯಿಯ ಕೆಪಾಸಿಟರು ಬೆಸೆದೆ.
ಚಿತ್ರವನ್ನು ಪೆನ್‌ಡ್ರೈವಿಗೆ ಇಳಿಸಿ
ಆನಂದಪುರದ ಜೆರಾಕ್ಸಿನಲ್ಲಿ ಕಾಗದಕ್ಕೆ ಹಾಕಿಸಿ ಕೊಟ್ಟೆ.
ಗುತ್ಯಮ್ಮ ತಲೆಕೆಳಗಾಗಿ ಹಿಡಿದು ನೋಡಿದಳು.
ತಿರುಗಿಸಿಕೊಟ್ಟೆ.

'ಚೌಕಾಬಾರದ ಹಾಗೆ ಅನ್ನಿ.
ಕಾಯಿ ನಾನು ಕದ್ದಿಲ್ಲ, ಮಣೆಯೇ ಅಲ್ಲಾಡಿದ್ದು.'
'ಹೌದು.'
'ಈ ಗುಂಡಿ ಎಷ್ಟು ಹೊತ್ತಿನದು?'
ಸೆಕೆಂಡನ್ನು ಸಾವಿರ ಚೂರು ಮಾಡಿದರೆ
ಅದರಲ್ಲೊಂದು ಚೂರಿಗೂ ಕಮ್ಮಿ, ಅಂದೆ.
ಅವಳು ಬೆರಳು ಮಡಿಸಿ ಏನೋ ಎಣಿಸಿದಳು.
'ನನಗೆ ಹನ್ನೊಂದು ದಿನ ಆಯ್ತು.'

ರಿಜಿಸ್ಟರಿನಲ್ಲಿ ಕೆಂಪು ಶಾಯಿ ಹಾಗೇ ಇದೆ.
ಬರೆದದ್ದನ್ನು ತಿದ್ದಲು ಮೇಲಿನವರ ಸಹಿ ಬೇಕಂತೆ,
ಮೇಲಿನವರು ಸೋಮವಾರ ಬರುತ್ತಾರಂತೆ,
ಯಾವ ಸೋಮವಾರ ಎಂದು ಹಾಲೇಶಪ್ಪ ಹೇಳಲಿಲ್ಲ.
ಕಾಗದವನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ಕಿಗೆ ಸಿಕ್ಕಿಸಿ
ಗುತ್ಯಮ್ಮ ಖಾಲಿ ಕ್ಯಾನು ಎತ್ತಿದಳು.
ಮರುದಿನ ಬೇಕೆಂದೇ ಮೂರನೆಯವಳಾಗಿ ನಿಂತಳಂತೆ,
ಟಕ್ ಅನ್ನುವವರೆಗೆ ಕಾದು
ಆಮೇಲೆ ಸುರಿದಳಂತೆ.